ಟಿಎಂಸಿ ಅಂದ್ರ ಎಷ್ಟು ಕೊಡ?



ಮಳಿಗಾಲ ಬಂತಂದ್ರ ನಮ್ಮ ರೋಣ, ನರಗುಂದ ಭಾಗದಲ್ಲಿ ಎಲ್ಲಾರ ಬಾಯಾಗೂ ಒಂದ ಮಾತು: "ನವಿಲುತೀರ್ಥ ಡ್ಯಾಮಿಗೆ ಎಷ್ಟು ಟಿಎಂಸಿ ಬಂತು?" ಆದರೆ ಒಂದು ಟಿಎಂಸಿ ಅಂದರೆ ಎಷ್ಟು ನೀರು? ಬರ್ರಿ, ಲೆಕ್ಕ ಮಾಡೋಣ.

ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ. ಒಂದು ಮಿಲಿಯನ್ ಅಂದರೆ 10 ಲಕ್ಷ. ಆದ್ದರಿಂದ 1 ಟಿಎಂಸಿ = 100 ಕೋಟಿ ಘನ ಅಡಿ. ಅಡಿ ಎಂಬುದು ಇಂಗ್ಲಿಷರ ಅಳತೆ. 1956ರ ಕಾಯ್ದೆಯಿಂದ ನಮ್ಮ ದೇಶದಲ್ಲಿ ಲೀಟರ್ ಬಂತು, 4.546 ಲೀಟರಿನ ಗ್ಯಾಲನ್ ಹೋಯಿತು. ಡ್ಯಾಮಿನ ಲೆಕ್ಕದಾಗ ಮಾತ್ರ ಅಡಿ ಹಂಗ ಉಳಕೊಂಡೈತಿ.

ಈಗ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಡಬ್ಬಿ ತಿಳಿದುಕೊಳ್ಳಿರಿ. 1 ಅಡಿ = 30.48 ಸೆಂ.ಮೀ.

30.48 × 30.48 × 30.48 = ಸುಮಾರು 28,317 ಘನ ಸೆಂ.ಮೀ.
1000 ಘನ ಸೆಂ.ಮೀ. = 1 ಲೀಟರ್
ಆದ್ದರಿಂದ 1 ಘನ ಅಡಿ = 28.3 ಲೀಟರ್

ನಮ್ಮ ಮನಿ ಪ್ಲಾಸ್ಟಿಕ್ ಕೊಡವನ್ನು ಲೀಟರ್ ಬಾಟಲಿಯಿಂದ ಅಳೆದೆ. 14 ಲೀಟರ್ ಹಿಡಿಯಿತು. ಅಂದ್ರ ಒಂದು ಘನ ಅಡಿಗೆ ಎರಡು ಕೊಡ, 1 ಟಿಎಂಸಿಗೆ 200 ಕೋಟಿ ಕೊಡ!

"ಇಷ್ಟು ನೀರಿದ್ದರೂ ಯಾಕ ಸಾಲೂದಿಲ್ಲ?" ಎಂದು ನೀವು ಕೇಳಬಹುದು. ಹೊಲದ ಲೆಕ್ಕ ನೋಡಿರಿ. 1 ಗುಂಟೆ ಅಂದರೆ 33 ಅಡಿ × 33 ಅಡಿ, 40 ಗುಂಟೆಗೆ 1 ಎಕರೆ, ಅಂದರೆ 43,560 ಚದರ ಅಡಿ. ಅದರ ಮೇಲೆ 3 ಇಂಚು, ಅಂದರೆ ಕಾಲು ಅಡಿ ನೀರು ನಿಲ್ಲಬೇಕಾದರೆ 10,890 ಘನ ಅಡಿ ಬೇಕು. ಅದು 21,780 ಕೊಡ. ದಿನಕ್ಕೆ 10 ಕೊಡ ಬಳಸುವ ಮನೆಗೆ ಇದು ಸುಮಾರು 6 ವರ್ಷದ ನೀರು. ಹೊಲ ಅದನ್ನು ಒಂದೇ ಸಲಕ್ಕೆ ಕುಡಿಯುತ್ತದೆ!

ಅದಕ್ಕೇ ಟಿಎಂಸಿಯಲ್ಲಿ ಪಾಯಿಂಟ್ ಆದ ಮ್ಯಾಲಿನ ಅಂಕಿ ಸಣ್ಣದಲ್ಲ. 0.01 ಟಿಎಂಸಿ ಅಂದರೂ 2 ಕೋಟಿ ಕೊಡ. ದಾರಿಯಲ್ಲಿ ಸೋರದಿದ್ದರೆ 918 ಎಕರೆಗೆ 3 ಇಂಚು ನೀರು. ಮಹದಾಯಿ ನೀರಿಗಾಗಿ ನರಗುಂದದಲ್ಲಿ 2015ರಲ್ಲಿ ರೈತರು ಧರಣಿ ಕುಳಿತರು. ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ನಮ್ಮ ರಾಜ್ಯ ಕೇಳಿದ್ದು 7.56 ಟಿಎಂಸಿ. 2018ರಲ್ಲಿ ನ್ಯಾಯಮಂಡಳಿ ಕೊಟ್ಟಿದ್ದು 3.9. ಈ ಎರಡರ ನಡುವಿನ ವ್ಯತ್ಯಾಸ 732 ಕೋಟಿ ಕೊಡ. ಹಿರಿಯರು ಯಾಕ ಅಷ್ಟು ಜಗ್ಗಾಡತಾರ ಅಂತ ಈಗ ತಿಳೀತಲ್ಲ?

ನಿಮಗೊಂದು ಲೆಕ್ಕ: ನವಿಲುತೀರ್ಥ ಡ್ಯಾಮ್ ಪೂರ್ತಿ ತುಂಬಿದರೆ 37.73 ಟಿಎಂಸಿ. ಎಷ್ಟು ಕೊಡ? ಉತ್ತರವನ್ನು ಚೀಟಿಯಲ್ಲಿ ಬರೆದು ನಮ್ಮ ಗಣಿತ ಗುರುಗಳಿಗೆ ಕೊಡಿರಿ.

— 7ನೇ ತರಗತಿ ವಿದ್ಯಾರ್ಥಿನಿ