ಬೂಷ್ಟು ಹಿಡಿದ ಹಾವಿನ ಮೊಟ್ಟೆ: ಎಸೆಯೋ ಮುಂಚೆ ಟಾರ್ಚ್ ಹಾಕಿ ನೋಡಿ

ಅಮೆರಿಕ, ಯುರೋಪಿನಲ್ಲಿ ಹಾವು ಸಾಕಿ, ಅದರ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹವ್ಯಾಸಿಗಳು ಸಾಕಷ್ಟಿದ್ದಾರೆ. ಅವರ ಅಚ್ಚುಮೆಚ್ಚಿನ ಹಾವುಗಳಲ್ಲಿ ಒಂದು, ಆಫ್ರಿಕಾ ಮೂಲದ ವಿಷವಿಲ್ಲದ ಬಾಲ್ ಪೈಥಾನ್. ಇದರ ಮೊಟ್ಟೆಯನ್ನು ಸುಮಾರು 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಮರಿ ಹೊರಬರಲು ಹೆಚ್ಚುಕಮ್ಮಿ 2 ತಿಂಗಳು. ಅಷ್ಟು ದಿನ ಬೆಚ್ಚಗೆ, ತೇವವಾಗಿ ಮುಚ್ಚಿಟ್ಟ ಡಬ್ಬಿ ಮರಿಗೆ ಎಷ್ಟು ಹಿತವೋ ಬೂಷ್ಟಿಗೂ ಅಷ್ಟೇ ಹಿತ.

ಒಂದಿನ ಮುಚ್ಚಳ ತೆಗೆದರೆ ಮೊಟ್ಟೆ ಮೇಲೆ ಹತ್ತಿಯಂಥ ಬಿಳಿ ಪದರ! ಗಾಬರಿಯಾದ ಹೊಸಬರು ಮೊಟ್ಟೆ ಎಸೀತಾರೆ, ಇಲ್ಲಾ ಡಬ್ಬಿ ಪೂರ್ತಿ ಒಣಗಿಸ್ತಾರೆ. ಎರಡರಲ್ಲೂ ಒಳಗೆ ಬದುಕಿರುವ ಮರಿ ಸಾಯಬಹುದು. ಬೂಷ್ಟನ್ನು ಶತ್ರು ಅನ್ನೋದಕ್ಕಿಂತ ಒಂದು ಸೆನ್ಸರ್ ಅಂದುಕೊಳ್ಳಿ. ಅದು ಸಾಮಾನ್ಯವಾಗಿ ಹೇಳೋದು ಎರಡೇ ಮಾತು: "ಈ ಮೊಟ್ಟೆ ಸತ್ತಿದೆ" ಅಥವಾ "ಇಲ್ಲಿ ನೀರು ಜಾಸ್ತಿ ಆಗಿದೆ". ಯಾವುದು ಅಂತ ಪತ್ತೆ ಹಚ್ಚೋದೇ ನಮ್ಮ ಕೆಲಸ.

ಮೊದಲು ಜೀವ ಇದೆಯಾ ನೋಡಿ. ಕತ್ತಲಲ್ಲಿ ಮೊಟ್ಟೆಗೆ ಸಣ್ಣ ಟಾರ್ಚ್ ತಾಗಿಸಿ. ಕೆಂಪು ರಕ್ತನಾಳಗಳು ಕಂಡರೆ ಜೀವ ಇದೆ. ನಾಳವೇ ಇಲ್ಲದೆ ಬರೀ ಹಳದಿ ಬೆಳಕು, ಜೊತೆಗೆ ಕೆಟ್ಟ ವಾಸನೆ, ಕುಸಿದ ಸಿಪ್ಪೆ ಇದ್ದರೆ ಆಸೆ ಬಿಡಬಹುದು. ಅನುಮಾನ ಇದ್ದರೆ ಎಸೆಯಬೇಡಿ. ಒಂದು ಎಚ್ಚರ: ಕೋಳಿಮೊಟ್ಟೆಯ ಹಾಗೆ ಇದನ್ನು ತಿರುಗಿಸಬಾರದು. ಇಟ್ಟ ಸ್ವಲ್ಪ ಹೊತ್ತಿಗೇ ಭ್ರೂಣ ಸಿಪ್ಪೆಯ ಒಳಗೋಡೆಗೆ ಅಂಟಿಕೊಳ್ಳುತ್ತೆ, ಮಗುಚಿದರೆ ಸಾಯಬಹುದು. ಅದಕ್ಕೇ ಅನುಭವಸ್ಥರು ಮೊದಲ ದಿನವೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿಡ್ತಾರೆ.

ಆಮೇಲೆ ಒರೆಸಿ. ಜೀವ ಇರುವ ಮೊಟ್ಟೆಯ ಬೂಷ್ಟನ್ನು ಒಣ ಹತ್ತಿಯಿಂದ ಮೆಲ್ಲಗೆ ತೆಗೆದರೆ ಸಾಕು. ಕೆಲವರು ಪಾದಕ್ಕೆ ಹಾಕುವ ಆಂಟಿಫಂಗಲ್ ಪೌಡರನ್ನು ಚಿಟಿಕೆಯಷ್ಟು ಸವರುವುದೂ ಉಂಟು. ಸತ್ತ ಮೊಟ್ಟೆ ಬಿಡಿಯಾಗಿದ್ದರೆ ತೆಗೆದುಬಿಡಿ. ಪಕ್ಕದ್ದಕ್ಕೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಒಳ್ಳೆಯ ಮೊಟ್ಟೆಯ ಸಿಪ್ಪೆ ಹರಿಯುತ್ತೆ. ಕೊಳೆತ ಮೊಟ್ಟೆಯ ಪಕ್ಕದಲ್ಲೇ ಆರೋಗ್ಯವಾದ ಮರಿ ಹೊರಬರೋದು ಅಪರೂಪವೇನಲ್ಲ.

ಕೊನೆಗೆ ಕಾರಣ ಸರಿಪಡಿಸಿ. ಇಲ್ಲಿ ನಮ್ಮ ಥರ್ಮೋಡೈನಮಿಕ್ಸ್ ಬರುತ್ತೆ. 31 ಡಿಗ್ರಿಯಲ್ಲಿ ತೇವಾಂಶ ಶೇ. 90 ಇದ್ದರೆ ಆ ಗಾಳಿಯ ಡ್ಯೂ ಪಾಯಿಂಟ್ ಸುಮಾರು 29 ಡಿಗ್ರಿ. ಅಂದ್ರೆ ಮುಚ್ಚಳ ಬರೀ ಎರಡು ಡಿಗ್ರಿ ತಣ್ಣಗಿದ್ದರೂ ಅಲ್ಲಿ ಹನಿ ಕಟ್ಟಿ ಮೊಟ್ಟೆ ಮೇಲೆ ತೊಟ್ಟಿಕ್ಕುತ್ತೆ. ಬೂಷ್ಟಿಗೆ ಅಷ್ಟು ಸಾಕು. ಡಬ್ಬಿಯನ್ನು ಸ್ವಲ್ಪ ಓರೆಯಾಗಿಟ್ಟರೆ ಹನಿ ಮುಚ್ಚಳದ ಅಂಚಿಗೆ ಜಾರುತ್ತೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಕೆಳಗೆ ಹಾಸಿದ ವರ್ಮಿಕ್ಯುಲೈಟನ್ನು ಹಿಂಡಿದರೆ ನೀರು ಸೋರಬಾರದು. ಹಾಗಂತ ಪೂರ್ತಿ ಒಣಗಿಸಬೇಡಿ, ತೊಗಲಿನಂಥ ಆ ಸಿಪ್ಪೆಯ ಮೂಲಕವೇ ಮೊಟ್ಟೆ ನೀರು ಹೀರಬೇಕು. ಶುರುವಿನ ವಾರಗಳಲ್ಲೇ ಮೊಟ್ಟೆ ಗುಳಿಬಿದ್ದರೆ ನೀರು ಕಮ್ಮಿ ಅಂತ ಅರ್ಥ. ಕೊನೆಯ ವಾರಗಳ ಗುಳಿ ಸಹಜ.

ಇದನ್ನೋದಿ ಹಾಸ್ಟೆಲ್ ರೂಮಲ್ಲಿ ಪ್ರಯೋಗಕ್ಕೆ ಇಳಿಯಬೇಡಿ ಮಾರಾಯ್ರೇ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. 2022ರ ತಿದ್ದುಪಡಿಯ ನಂತರ ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳಿಗೂ ನೋಂದಣಿ ಬೇಕು. ಕ್ಯಾಂಪಸ್‌ನಲ್ಲಿ ಹಾವಿನ ಮೊಟ್ಟೆ ಕಂಡರೆ ಮುಟ್ಟಬೇಡಿ, ತಿರುಗಿಸಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಮುಂದಿನದ್ದು ಅವರು ನೋಡ್ಕೋತಾರೆ.