ಪುರುಷರ ಖಾಲಿತ್ಯ: ಹಂತವನ್ನರಿತು ಚಿಕಿತ್ಸೆ

ಉದ್ಯೋಗಕ್ಕಾಗಿಯೋ ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗಾಗಿಯೋ ಊರು ಬಿಟ್ಟು ಬಂದು ವಿಜಯನಗರ, ಬಸವೇಶ್ವರನಗರಗಳ ಪಿ.ಜಿ.ಗಳಲ್ಲಿ ನೆಲೆಸಿರುವ ತರುಣರು ವೈದ್ಯರ ಮುಂದೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಬೆಂಗಳೂರಿನ ನೀರು ಬಿದ್ದ ಮೇಲೆ ಕೂದಲು ಉದುರುತ್ತಿದೆ.” ಗಡಸಾದ ಬೋರ್‌ವೆಲ್ ನೀರಿನಿಂದ ಕೂದಲು ಒರಟಾಗುವುದು, ಸಿಕ್ಕುಗಟ್ಟಿ ತುಂಡಾಗುವುದು ನಿಜ. ಆದರೆ ಹಣೆಯ ಎರಡು ಮೂಲೆಗಳು ಹಿಂದೆ ಸರಿಯುವುದಕ್ಕೂ ನೆತ್ತಿಯ ಸುಳಿ ತೆಳುವಾಗುವುದಕ್ಕೂ ನೀರು ಕಾರಣವಲ್ಲ. ಹಾಗಿದ್ದಿದ್ದರೆ ಅದೇ ನೀರಿನಲ್ಲಿ ನೆನೆಯುವ ಹಿಂದಲೆಯ ಕೂದಲೂ ಉದುರಬೇಕಿತ್ತು. ನೀರನ್ನು ದೂರುತ್ತ, ಶಾಂಪೂ ಬದಲಿಸುತ್ತ ಕಳೆಯುವ ವರ್ಷಗಳೇ ಚಿಕಿತ್ಸೆ ಫಲಿಸಬಹುದಾಗಿದ್ದ ವರ್ಷಗಳು.

ಉದುರುವುದೇಕೆ?

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ರೋಮಕೂಪದಲ್ಲಿ ಹೊಸದು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಖಾಲಿತ್ಯದಲ್ಲಿ ಕೆಡುವುದು ಮರುಹುಟ್ಟು. ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ಡಿ.ಎಚ್.ಟಿ. ಎಂಬ ರೂಪಕ್ಕೆ ಪರಿವರ್ತಿತವಾಗಿ, ವಂಶವಾಹಿನಿಯಿಂದ ಅದಕ್ಕೆ ಸೂಕ್ಷ್ಮವಾಗಿರುವ ರೋಮಕೂಪಗಳನ್ನು ಕುಗ್ಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ಸಣ್ಣದಾಗಿ, ಗಿಡ್ಡದಾಗಿ, ಕೊನೆಗೆ ನವಿರಾದ ರೋಮವಷ್ಟೇ ಉಳಿಯುತ್ತದೆ. ಈ ಗುಣ ಸೋದರಮಾವನ ಕಡೆಯಿಂದ ಮಾತ್ರ ಬರುತ್ತದೆಂಬುದು ತಪ್ಪು; ತಂದೆ-ತಾಯಿ ಇಬ್ಬರ ವಂಶದಿಂದಲೂ ಬರಬಹುದು.

ಸುಶ್ರುತಸಂಹಿತೆಯ ನಿದಾನಸ್ಥಾನವೂ ಇಲ್ಲಿ ಎರಡು ಘಟ್ಟಗಳನ್ನು ಹೇಳುತ್ತದೆ: ಮೊದಲು ರೋಮಕೂಪವನ್ನು ಸೇರಿದ ಪಿತ್ತವು ವಾತದೊಡಗೂಡಿ ಕೂದಲನ್ನು ಉದುರಿಸುತ್ತದೆ, ಬಳಿಕ ರಕ್ತದೊಡಗೂಡಿದ ಕಫವು ರೋಮಕೂಪವನ್ನು ಮುಚ್ಚಿ ಮರುಹುಟ್ಟನ್ನು ತಡೆಯುತ್ತದೆ. ಚಿಕಿತ್ಸಕನು ನೋಡಬೇಕಾದುದೂ ಇದನ್ನೇ: ಕೂಪ ಇನ್ನೂ ಜೀವಂತವಾಗಿದೆಯೇ, ಮುಚ್ಚಿಹೋಗಿದೆಯೇ?

ಏಳು ಹಂತಗಳು

ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ರೂಪಿಸಿ, ಓ’ಟಾರ್ ನಾರ್‌ವುಡ್ 1975ರಲ್ಲಿ ಪರಿಷ್ಕರಿಸಿದ ಕ್ರಮವನ್ನು ಇಂದು ಎಲ್ಲೆಡೆ ಬಳಸುತ್ತಾರೆ.

1. ಮುಂಗೂದಲಿನ ಗಡಿ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ.
2. ಹಣೆಯ ಎರಡು ಮೂಲೆಗಳು ತ್ರಿಕೋನಾಕಾರವಾಗಿ ತುಸು ಹಿಂದೆ ಸರಿಯುತ್ತವೆ.
3. ಮೂಲೆಗಳು ಆಳವಾಗುತ್ತವೆ, ಕೆಲವರಲ್ಲಿ ನೆತ್ತಿಯ ಸುಳಿಯೂ ತೆಳುವಾಗುತ್ತದೆ. ಬೊಕ್ಕತಲೆಯೆಂದು ಎಣಿಸುವುದು ಇಲ್ಲಿಂದ.
4. ಮುಂಭಾಗವೂ ನೆತ್ತಿಯೂ ಬರಿದಾಗುತ್ತವೆ. ನಡುವೆ ಕೂದಲಿನ ಪಟ್ಟಿಯೊಂದು ಉಳಿದಿರುತ್ತದೆ.
5. ಆ ಪಟ್ಟಿ ಕಿರಿದಾಗಿ ವಿರಳವಾಗುತ್ತದೆ.
6. ಪಟ್ಟಿ ಅಳಿದು ಎರಡು ಬರಿದಾದ ಭಾಗಗಳೂ ಒಂದಾಗುತ್ತವೆ.
7. ಕಿವಿಗಳ ಮೇಲೆ ಮತ್ತು ಹಿಂದಲೆಯಲ್ಲಿ ಕುದುರೆಲಾಳದ ಆಕಾರದ ಅಂಚು ಮಾತ್ರ ಉಳಿಯುತ್ತದೆ.

ಎಲ್ಲರೂ ಏಳನೆಯದನ್ನು ಮುಟ್ಟುವುದಿಲ್ಲ. ಮೂರರಲ್ಲೇ ಬಹುಕಾಲ ನಿಲ್ಲುವವರೂ ಇದ್ದಾರೆ.

ಯಾವ ಹಂತಕ್ಕೆ ಏನು?

ಎರಡರಿಂದ ನಾಲ್ಕನೆಯ ಹಂತದವರೆಗೆ ಇರುವುದನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ವೈದ್ಯರ ನಿರ್ದೇಶನದಲ್ಲಿ ಶಿರೋಭ್ಯಂಗ, ನಸ್ಯ, ಪಿತ್ತಶಾಮಕ ಆಹಾರ, ಸಕಾಲ ನಿದ್ರೆಗಳು ನೆತ್ತಿಯ ಚರ್ಮಕ್ಕೂ ದೇಹಕ್ಕೂ ಹಿತ. ಆದರೆ ನುಣುಪಾಗಿ ಹೊಳೆಯುವ ನೆತ್ತಿಯಲ್ಲಿ ಭೃಂಗರಾಜ ತೈಲವಾಗಲಿ, ಬೇರಾವ ತೈಲವಾಗಲಿ ಕೂದಲು ಬೆಳೆಸಲಾರದು. ಬೆಳೆಸುತ್ತದೆಂಬ ಜಾಹೀರಾತನ್ನು ನಂಬಿ ಹಣ ಕಳೆದುಕೊಳ್ಳಬಾರದು.

ಆಧುನಿಕ ವೈದ್ಯದ ಮಿನಾಕ್ಸಿಡಿಲ್ ಲೇಪವನ್ನು ಕನಿಷ್ಠ 4ರಿಂದ 6 ತಿಂಗಳು ಬಳಸಿ ನೋಡಬೇಕು. ಬಿಟ್ಟರೆ ಪಡೆದ ಫಲವೂ ಹೋಗುತ್ತದೆ. ಫಿನಾಸ್ಟಿರೈಡ್ ಮಾತ್ರೆಯನ್ನು ಚರ್ಮರೋಗತಜ್ಞರ ಚೀಟಿಯಿಲ್ಲದೆ ಸೇವಿಸಬಾರದು. ಕೆಲವರಲ್ಲಿ ಅದು ಲೈಂಗಿಕ ತೊಂದರೆಗಳನ್ನು ತರಬಹುದು. ಗರ್ಭಿಣಿಯರು ಅದರ ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ಕೂದಲು ಕಸಿಯೆಂದರೆ ಹಿಂದಲೆಯ ಕೂದಲನ್ನು ಮುಂದೆ ನೆಡುವುದು, ಹೊಸದನ್ನು ಸೃಷ್ಟಿಸುವುದಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಆತುರಪಟ್ಟು ಮಾಡಿಸಿಕೊಂಡರೆ, ಮುಂದೆ ಸುತ್ತಲ ಕೂದಲು ಉದುರಿ ನೆಟ್ಟದ್ದು ಮಾತ್ರ ದ್ವೀಪದಂತೆ ಉಳಿಯಬಹುದು.

ಇದು ಖಾಲಿತ್ಯವಲ್ಲ

ಡೆಂಗಿ, ಟೈಫಾಯ್ಡ್‌ನಂಥ ಜ್ವರವಾದ ಎರಡು-ಮೂರು ತಿಂಗಳಿಗೆ ತಲೆಯ ತುಂಬ ಕೂದಲು ಉದುರಿದರೆ ಅದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ನಾಣ್ಯದಗಲ ದುಂಡಗೆ ಉದುರಿದರೆ, ನೆತ್ತಿಯಲ್ಲಿ ಉರಿ, ಹುಣ್ಣು, ಕಲೆ ಕಂಡರೆ ತಡಮಾಡದೆ ತಪಾಸಣೆ ಮಾಡಿಸಬೇಕು.

ಮದುವೆಯ ಮಾತುಕತೆ ನಡೆಯುವ ವಯಸ್ಸಿನಲ್ಲೇ ಈ ತೊಂದರೆ ಕಾಣಿಸಿಕೊಳ್ಳುವುದರಿಂದ ತರುಣರು ಒಳಗೊಳಗೇ ಕೊರಗುತ್ತಾರೆ. ಮನೆಯ ಹಿರಿಯರು ಅವರನ್ನು ಹಾಸ್ಯಮಾಡದಿರಲಿ. ಬಚ್ಚಲಲ್ಲಿ ಉದುರಿದ ಕೂದಲನ್ನು ದಿನವೂ ಎಣಿಸುವ ಬದಲು, ಮೂರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಹಣೆ ಮತ್ತು ನೆತ್ತಿಯ ಚಿತ್ರ ತೆಗೆದಿಟ್ಟುಕೊಂಡು ಹೋಲಿಸುವುದು ಲೇಸು. ಹಂತ ಮುಂದುವರಿದದ್ದು ಕಂಡರೆ ಆ ಚಿತ್ರಗಳೊಂದಿಗೆ ವೈದ್ಯರನ್ನು ಕಾಣಿರಿ.