ಹರಿವಿನ ಗಣಿತ: ಪ್ರೊಫೆಸರ್ ಭಟ್ನಾಗರರ ಸಂಶೋಧನೆ

ಭದ್ರಾವತಿಯ ಕಾಗದನಗರದ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯಿಂದ ಆ ಬಡಾವಣೆಗೆ ಈ ಹೆಸರು ಬಂದಿತು. ಕಾಗದವು ಹಾಳೆಯಾಗುವುದಕ್ಕೆ ಮೊದಲು ನೀರಿನಲ್ಲಿ ತೇಲುವ ನಾರಿನ ಗಂಜಿಯಾಗಿರುತ್ತದೆ. ಯಂತ್ರದ ಜರಡಿಯ ಮೇಲೆ ಸುರಿಯುವಾಗ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಆದರೆ ನಾರಿನ ಅಂಶವು ತುಸು ಹೆಚ್ಚಿತೆಂದರೆ ಅದು ನೀರಿನಂತೆ ಹರಿಯಲೊಲ್ಲದು. ಮೆಲ್ಲನೆ ತಳ್ಳಿದರೆ ಮುದ್ದೆಯಾಗಿ ನಿಲ್ಲುವುದು, ಬಲವಾಗಿ ತಳ್ಳಿದರೆ ಸರಿದು ಓಡುವುದು.

ಇಂಥ ಹರಿವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಕಾವಲಿಯನ್ನು ಒಲೆಯ ಮೇಲಿಟ್ಟ ಗೃಹಿಣಿಯು ಬಲ್ಲಳು: ನಡುವಿನ ಶಾಖ ಬೇರೆ, ಅಂಚಿನ ಶಾಖ ಬೇರೆ, ಈ ಕ್ಷಣದ್ದು ಬೇರೆ, ಮರುಕ್ಷಣದ್ದು ಬೇರೆ. ಹೀಗೆ ಸ್ಥಳದೊಡನೆಯೂ ಕಾಲದೊಡನೆಯೂ ಮಾರ್ಪಡುವ ವಸ್ತುಸ್ಥಿತಿಯನ್ನು ಹೇಳುವ ಸೂತ್ರಗಳಿಗೆ ಆಂಶಿಕ ಅವಕಲ ಸಮೀಕರಣಗಳೆಂದು ಹೆಸರು. ಶಾಖದ ಸಮೀಕರಣವನ್ನು ಫ್ರಾನ್ಸಿನ ಫೂರ್ಯೇ ಎಂಬ ಪಂಡಿತನು 1822ರ ತನ್ನ ಗ್ರಂಥದಲ್ಲಿ ವಿವರಿಸಿದನು. ನೀರು, ಗಾಳಿ, ಅಲೆ ಇವೆಲ್ಲಕ್ಕೂ ಇಂಥ ಸಮೀಕರಣಗಳುಂಟು. ಅವನ್ನು ಬರೆಯುವುದು ಸುಲಭ, ಬಿಡಿಸುವುದು ದುಸ್ತರ.

ಈ ದುಸ್ತರ ಮಾರ್ಗದಲ್ಲಿ ನಡೆದವರು ಪ್ರಭುಲಾಲ್ ಭಟ್ನಾಗರ್ ಅವರು. ಅವರು 1912ರಲ್ಲಿ ರಾಜಸ್ಥಾನದ ಕೋಟಾ ನಗರದಲ್ಲಿ ಜನಿಸಿ, ಅಲಹಾಬಾದಿನಲ್ಲಿ ವ್ಯಾಸಂಗ ಮಾಡಿ, ದೆಹಲಿಯಲ್ಲಿ ಅಧ್ಯಾಪಕರಾಗಿದ್ದರು. ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಅವರನ್ನು ಕಾಡಿದ ಪ್ರಶ್ನೆಯು ಅನಿಲದ ಕಣಗಳದು. ಅಸಂಖ್ಯ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಲೆಕ್ಕವನ್ನು ಬೋಲ್ಟ್ಸ್‌ಮನ್ 1872ರಲ್ಲಿಯೇ ಬರೆದಿದ್ದನು. ಆದರೆ ಡಿಕ್ಕಿಯ ಪದವು ಅತಿ ಜಟಿಲವಾದುದು.

1954ರಲ್ಲಿ ಭಟ್ನಾಗರ್, ಗ್ರಾಸ್, ಕ್ರೂಕ್ ಈ ಮೂವರೂ ಸೇರಿ ಒಂದು ಸರಳ ಮಾರ್ಗವನ್ನು ಸೂಚಿಸಿದರು. ಕಾಯಿಸಿದ ಹಾಲನ್ನು ಇಳಿಸಿಟ್ಟರೆ ಅದು ಮೊದಲು ಬೇಗನೆಯೂ ಬರಬರುತ್ತ ನಿಧಾನವಾಗಿಯೂ ಆರುವುದಲ್ಲವೆ? ಸುತ್ತಲಿನ ಗಾಳಿಗೂ ಹಾಲಿಗೂ ಇರುವ ಶಾಖದ ಅಂತರವೆಷ್ಟೋ ಆರುವ ವೇಗವೂ ಅಷ್ಟು. ಅಂತೆಯೇ, ಒಂದೊಂದು ಡಿಕ್ಕಿಯನ್ನೂ ಎಣಿಸುವ ಬದಲು, ಕಣಗಳ ಸಮೂಹವು ಸಮಸ್ಥಿತಿಯಿಂದ ಎಷ್ಟು ದೂರವಿದೆಯೋ ಅದಕ್ಕನುಗುಣವಾದ ವೇಗದಿಂದ ಅದರತ್ತ ಮರಳುವುದೆಂದು ಭಾವಿಸಿದರೆ ಸಾಕೆಂಬುದೇ ಅವರ ಯುಕ್ತಿ. ಮೂವರ ಹೆಸರಿನ ಆದ್ಯಕ್ಷರಗಳಿಂದ ಇದು ಬಿ.ಜಿ.ಕೆ. ಮಾದರಿಯೆಂದು ಲೋಕಪ್ರಸಿದ್ಧವಾಯಿತು.

ಈ ಸರಳತೆಗೆ ಬೆಲೆಯೂ ಉಂಟು. ಅನಿಲದ ಜಿಗುಟಿಗೂ ಶಾಖವಹನಕ್ಕೂ ಇರುವ ಒಂದು ಪ್ರಮಾಣವು ಈ ಮಾದರಿಯಲ್ಲಿ 1 ಎಂದು ಬರುತ್ತದೆ. ಹೀಲಿಯಂ, ಆರ್ಗಾನ್‌ಗಳಂಥ ಅನಿಲಗಳಲ್ಲಿ ಅದು ಸುಮಾರು 2/3. ಹಾಗಾದರೆ ಮಾದರಿಯು ಸುಳ್ಳೆ? ಅಲ್ಲ. ತಪ್ಪು ಎಲ್ಲಿದೆ, ಎಷ್ಟಿದೆ ಎಂದು ತಿಳಿದಿರುವುದರಿಂದ ಅದನ್ನು ತಿದ್ದಲೂ ಬಹುದು, ಎಚ್ಚರದಿಂದ ಬಳಸಲೂ ಬಹುದು. ಇಂದು ಗಣಕಯಂತ್ರಗಳಲ್ಲಿ ದ್ರವಗಳ ಹರಿವನ್ನು ಲೆಕ್ಕ ಹಾಕುವ ಒಂದು ಮುಖ್ಯ ವಿಧಾನಕ್ಕೆ ಈ ಮಾದರಿಯೇ ಆಧಾರವಾಗಿದೆ.

ಇಂಥ ಕೀರ್ತಿಯನ್ನು ಪಡೆದವರು 1956ರಲ್ಲಿ ಬೆಂಗಳೂರಿಗೆ ಬಂದು, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ವಯಿಕ ಗಣಿತ ವಿಭಾಗವನ್ನು ಕಟ್ಟಿದರು. ನೀರಿನಂತೆ ಹರಿಯದ ದ್ರವಗಳು, ಅಲೆಗಳು, ಪ್ಲಾಸ್ಮಾ ಇವು ಅಲ್ಲಿ ಸಂಶೋಧನೆಯ ವಿಷಯಗಳಾದವು. ಕಾಗದದ ಗಂಜಿಯೂ ಅಂಥ ದ್ರವಗಳ ಗುಂಪಿಗೇ ಸೇರಿದುದು. ಹೆಸರಾಂತ ವಿದ್ವಾಂಸನು ಹೊಸ ವಿಭಾಗದ ಹೊಣೆಯನ್ನು ಹೊತ್ತರೆ ಸ್ವಂತ ಸಂಶೋಧನೆಯ ವೇಳೆಯನ್ನು ಶಿಷ್ಯರೊಡನೆ ಹಂಚಿಕೊಳ್ಳಬೇಕಾಗುವುದು. ಅದು ಫಲಿಸದೆ ಹೋಗಲಿಲ್ಲ. ಅವರ ಶಿಷ್ಯರಾದ ಫೂಲನ್ ಪ್ರಸಾದರು ಅದೇ ಸಂಸ್ಥೆಯಲ್ಲಿ ಅಲೆಗಳ ಸಮೀಕರಣಗಳ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು. 1968ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದ ಭಟ್ನಾಗರರು 1969ರಲ್ಲಿ ರಾಜಸ್ಥಾನ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ತೆರಳಿದರು; 1976ರಲ್ಲಿ ಕಾಲವಶರಾದರು.

“ಈ ಲೆಕ್ಕದಿಂದ ಏನು ಪ್ರಯೋಜನ?” ಎಂದು ಮಕ್ಕಳು ಮನೆಯಲ್ಲಿ ಕೇಳಿದಾಗ ಹಿರಿಯರು ಗದರಿಸದಿರಲಿ. ಆರುತ್ತಿರುವ ಹಾಲಿನ ಪಾತ್ರೆಯನ್ನು ತೋರಿಸಿ, ಅದು ಎಷ್ಟು ಹೊತ್ತಿಗೆ ಎಷ್ಟು ಆರಿತೆಂದು ಬರೆದಿಡಲು ಹೇಳಲಿ. ಭಟ್ನಾಗರರು ಹಿಡಿದ ದಾರಿಯ ಮೊದಲ ಹೆಜ್ಜೆಯು ಅಲ್ಲಿಯೇ ಇದೆ.